ಬೀಗ ಭದ್ರ, ಬೀಗದ ಕೈ ಎಲ್ಲಿದೆ?

ಈಚೆಗೆ ಕಂಬಂ ಕಣಿವೆಯ ನಂಟರ ಮನೆಯೊಂದರಲ್ಲಿ ಮದುವೆಯ ಊಟ ಮುಗಿದ ಮೇಲೆ ಹಿರಿಯರೂ ಕಿರಿಯರೂ ಜಗಲಿಯಲ್ಲಿ ಕುಳಿತು ಮಾತಿಗೆ ತೊಡಗಿದ್ದೆವು. ದ್ರಾಕ್ಷಿಯ ಧಾರಣೆ, ಪೆರಿಯಾರ್ ನೀರಿನ ಮಟ್ಟ, ಬೋಡಿಯ ಏಲಕ್ಕಿ ಹರಾಜು, ಇವೆಲ್ಲ ಆದ ತರುವಾಯ ಮಾತು ಮಕ್ಕಳ ಲ್ಯಾಪ್‌ಟಾಪಿನತ್ತ ಹೊರಳಿತು. ಎಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬ, "ಮನೆಯ ಹಳೆಯ ಯಂತ್ರಕ್ಕೆ ನಾನು ಲಿನಕ್ಸ್ ಹಾಕಿಬಿಟ್ಟಿದ್ದೇನೆ. ಇನ್ನು ವೈರಸ್ಸಿನ ಭಯವೇ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಏಲಕ್ಕಿ ತೋಟವುಳ್ಳ ಹಿರಿಯರೊಬ್ಬರು ಅವನ ಮುಖವನ್ನೇ ನೋಡುತ್ತಾ, "ಹಾಗಾದರೆ ನನ್ನ ಬ್ಯಾಂಕಿನ ವ್ಯವಹಾರವನ್ನೆಲ್ಲ ಅದರಲ್ಲೇ ಮಾಡಿ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದೇನಪ್ಪ?" ಎಂದು ಕೇಳಿದರು. ಹುಡುಗ ತಡವರಿಸಿದ. ಅಲ್ಲಿದ್ದ ನಾವಾರೂ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಪ್ರಶ್ನೆ ಸಣ್ಣದಲ್ಲ. ಏಲಕ್ಕಿಯ ಹರಾಜೇ ಕಂಪ್ಯೂಟರಿನ ಪರದೆಯ ಮೇಲೆ ನಡೆಯುವ ಕಾಲವಿದು. ಜಮೀನಿನ ಪತ್ರ, ಮಗಳ ಅಂಕಪಟ್ಟಿ, ಮೊಮ್ಮಗನ ನಾಮಕರಣದ ಚಿತ್ರ, ಬ್ಯಾಂಕಿನ ಲೆಕ್ಕ ಎಲ್ಲವೂ ಆ ಒಂದು ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಅದರ ಕಾವಲು ಎಷ್ಟು ನಂಬಿಗೆಗೆ ಅರ್ಹವೆಂದು ತಿಳಿಯುವ ಹಕ್ಕು ಮನೆಯ ಹಿರಿಯರಿಗೆ ಇದ್ದೇ ಇದೆ. ಆ ಹಿರಿಯರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬಂಧುಗಳೆಲ್ಲರ ಮುಂದಿಡುವ ಪ್ರಯತ್ನ ಮಾಡಿದ್ದೇನೆ.

ನಮ್ಮ ಮನೆಗಳಿಗೆ ಅದು ಬಂದ ಬಗೆ

ಕಂಪ್ಯೂಟರಿನ ಯಂತ್ರಭಾಗಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಹೆಚ್ಚಿನ ಮನೆಗಳಲ್ಲಿ ಇರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಇದರ ಒಳಬರಹವನ್ನು ಹೊರಗಿನವರು ನೋಡುವಂತಿಲ್ಲ. ಲಿನಕ್ಸ್ ಅದಕ್ಕೆ ವಿರುದ್ಧವಾದ ದಾರಿಯದು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಸಾರಿದ ಗ್ನೂ ಯೋಜನೆಯೂ, ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಹೊರತಂದ ಲಿನಕ್ಸ್ ತಿರುಳೂ ಕೂಡಿ ಬೆಳೆದ ಈ ವ್ಯವಸ್ಥೆಯ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನೇ ಮುಕ್ತ ತಂತ್ರಾಂಶವೆನ್ನುತ್ತಾರೆ.

ಇದು ನಮಗೆ ದೂರದ ಸಂಗತಿಯೇನೂ ಅಲ್ಲ. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರವು ಡೆಬಿಯನ್ ಎಂಬ ಲಿನಕ್ಸ್ ಪ್ರಭೇದವನ್ನು ಆಧಾರವಾಗಿಟ್ಟುಕೊಂಡು ೨೦೦೭ರಲ್ಲಿ ಹೊರತಂದ 'ಬಾಸ್' ಭಾರತೀಯ ಭಾಷೆಗಳಿಗೆ ಒದಗುವಂತೆ ರೂಪುಗೊಂಡ ವ್ಯವಸ್ಥೆ. ತಮಿಳುನಾಡು ಸರಕಾರವು ೨೦೧೧ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲು ಮೊದಲಿಟ್ಟಾಗ ಆ ಯಂತ್ರಗಳಲ್ಲಿ ವಿಂಡೋಸ್ ಏಳರ ಜೊತೆಗೆ ಬಾಸ್ ಕೂಡ ಇತ್ತು. ತೇನಿ, ದಿಂಡಿಗಲ್ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಆ ಯಂತ್ರಗಳು ಬೀರುವಿನ ಮೇಲೆ ಇಂದಿಗೂ ಕುಳಿತಿರಬಹುದು. ಇತ್ತ ಕಾಸರಗೋಡಿನ ನಮ್ಮ ಬಂಧುಗಳ ಮಕ್ಕಳು ಕೇರಳದ ಶಾಲೆಗಳಲ್ಲಿ ಕಲಿಯುವುದೂ ಲಿನಕ್ಸ್ ಮೇಲೆಯೇ.

ಈಗ ಇದರ ಮಾತು ಮತ್ತೆ ಎದ್ದಿರುವುದಕ್ಕೆ ಕಾರಣವುಂಟು. ವಿಂಡೋಸ್ ಏಳಕ್ಕೆ ೨೦೨೦ರ ಜನವರಿಯಲ್ಲಿ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ ಹತ್ತಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ನಿಂತಿತು. ಹೊಸ ಯಂತ್ರ ಕೊಳ್ಳಲಾರದ ಮನೆಗಳಿಗೆ ಹಳೆಯದರಲ್ಲಿ ಲಿನಕ್ಸ್ ಹಾಕಿಕೊಳ್ಳುವುದು ಸುಲಭದ ದಾರಿ. ದುಡ್ಡಿಲ್ಲ, ಯಂತ್ರಕ್ಕೆ ಭಾರವಿಲ್ಲ, ಬೇಕೆಂದರೆ ಪರದೆಯ ಮೇಲಿನ ಮಾತೂ ಕನ್ನಡದಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬಾಳುತ್ತಿರುವ ನಮ್ಮಂಥವರಿಗೆ ಇದು ಕಡಿಮೆಯ ಲಾಭವಲ್ಲ. ಅದರ ಬೆನ್ನಿಗೇ 'ವೈರಸ್ ಬಾರದು' ಎಂಬ ಮಾತೂ ಸೇರಿಕೊಂಡು ಬರುತ್ತದೆ.

ಕೀರ್ತಿಗೆ ಆಧಾರವಿದೆ

ಆ ಮಾತು ಪೂರ್ತಿ ಸುಳ್ಳೆಂದು ಯಾರೂ ತಿಳಿಯಬಾರದು. ಅದಕ್ಕೆ ಮೂರು ಆಧಾರಗಳಿವೆ.

ಒಂದನೆಯದು, ಅಧಿಕಾರದ ವಿಂಗಡಣೆ. ಲಿನಕ್ಸಿನಲ್ಲಿ ದಿನಬಳಕೆಯ ಬಳಕೆದಾರನೇ ಬೇರೆ, ಯಂತ್ರದ ಯಜಮಾನನೇ ಬೇರೆ. ವ್ಯವಸ್ಥೆಯ ಭಾಗಗಳನ್ನು ಬದಲಿಸಬೇಕಾದರೆ ಯಜಮಾನನ ಪಾಸ್‌ವರ್ಡ್ ಕೊಡಲೇಬೇಕು. ಎರಡನೆಯದು, ತಂತ್ರಾಂಶ ಬರುವ ದಾರಿ. ಬೇಕಾದ ತಂತ್ರಾಂಶವನ್ನು ಕಂಡಕಂಡಲ್ಲಿ ಹುಡುಕದೆ, ಆಯಾ ಲಿನಕ್ಸ್ ಪ್ರಭೇದದವರೇ ಪರೀಕ್ಷಿಸಿ ಮುದ್ರೆಯೊತ್ತಿ ಇಟ್ಟಿರುವ ಭಂಡಾರದಿಂದ ಪಡೆಯುವುದು ಇಲ್ಲಿನ ಸಂಪ್ರದಾಯ. ಮೂರನೆಯದು, ಬಯಲಿನಲ್ಲಿರುವ ಒಳಬರಹ. ಹಲವರು ಓದುವುದರಿಂದ ದೋಷ ಕಂಡಾಗ ಬೇಗ ತಿದ್ದುಪಡಿ ಬರುವ ಸಂಭವ ಹೆಚ್ಚು.

ಇವುಗಳಲ್ಲದೆ ನಾಲ್ಕನೆಯ ಕಾರಣವೊಂದಿದೆ. ಅದು ಗುಣವಲ್ಲ, ಅದೃಷ್ಟ. ಮೇಜಿನ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರುವುದು ನೂರಕ್ಕೆ ಕೆಲವು ಮಾತ್ರ. ನೂರು ಮನೆಗಳಲ್ಲಿ ತೊಂಬತ್ತಕ್ಕೂ ಒಂದೇ ಬಗೆಯ ಬೀಗವಿದ್ದರೆ ಕಳ್ಳನು ಆ ಬೀಗಕ್ಕೇ ಕಳ್ಳಗೈ ಮಾಡಿಸಿಕೊಳ್ಳುತ್ತಾನಲ್ಲದೆ ಉಳಿದ ಹತ್ತಕ್ಕೆ ಶ್ರಮಪಡುವುದಿಲ್ಲ. ಆದರೆ ಕಳ್ಳನು ಬಾರದಿರುವುದು ಬೇರೆ, ಬರಲಾರದಿರುವುದು ಬೇರೆ.

ಬೀಗವೆಂದ ಕೂಡಲೇ ನಮಗೆ ದಿಂಡಿಗಲ್ಲಿನ ನೆನಪಾಗುವುದು ಸಹಜ. ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ, ಕೈಯಿಂದ ಮಾಡಿದ ಆ ಬೀಗಗಳ ಬಲ ನಮ್ಮ ಮುದುಕರಿಗೆಲ್ಲ ಗೊತ್ತು. ಪ್ಯಾರಿಸಿನಲ್ಲಿ ಅಧ್ಯಾಪಕನಾಗಿದ್ದ ಆಗಸ್ಟ್ ಕೆರ್ಕೋಫ್ಸ್ ಎಂಬ ಭಾಷಾಶಾಸ್ತ್ರಜ್ಞ ೧೮೮೩ರಲ್ಲಿ ಗೂಢಲಿಪಿಯನ್ನು ಕುರಿತು ಬರೆಯುತ್ತಾ ಒಂದು ಸೂತ್ರವನ್ನು ಮುಂದಿಟ್ಟ. ವ್ಯವಸ್ಥೆಯ ರಚನೆ ಶತ್ರುವಿಗೆ ತಿಳಿದರೂ ಬಾಧಕವಾಗಬಾರದು, ಕೀಲಿಯೊಂದೇ ಗುಟ್ಟಾಗಿರಬೇಕು ಎಂಬುದು ಅದರ ತಾತ್ಪರ್ಯ. ಮುಕ್ತ ತಂತ್ರಾಂಶ ನಿಂತಿರುವುದೂ ಈ ನೆಲೆಯ ಮೇಲೆಯೇ. ಬೀಗವನ್ನು ಬಿಚ್ಚಿ ಎಲ್ಲರಿಗೂ ತೋರಿಸಿದ್ದಾರೆ. ಆದರೂ ಅದು ಭದ್ರ. ಆದರೆ ಬೀಗದ ಕೈಯನ್ನು ನಾವೇ ಅಪರಿಚಿತನಿಗೆ ಕೊಟ್ಟರೆ ದಿಂಡಿಗಲ್ಲಿನ ಬೀಗವಾದರೂ ಏನು ಮಾಡೀತು?

ಬಾಸ್ ಯಂತ್ರಗಳಿಗೆ ಬಂದ ಕಾಗದ

ಲಿನಕ್ಸಿಗೆ ವೈರಸ್ ಬಂದುದು ಇತ್ತೀಚೆಗಲ್ಲ. ಅದರ ಪೂರ್ವಜವಾದ ಯೂನಿಕ್ಸ್ ಯಂತ್ರಗಳ ನಡುವೆ ೧೯೮೮ರ ನವೆಂಬರ್ ೨ರಂದು ಹರಡಿದ 'ಮಾರಿಸ್ ಹುಳು' ಸಾವಿರಾರು ಕಂಪ್ಯೂಟರುಗಳನ್ನು ಸ್ತಬ್ಧಗೊಳಿಸಿತು. ೧೯೯೬ರಲ್ಲಿ 'ಸ್ಟಾಗ್', ೧೯೯೭ರಲ್ಲಿ 'ಬ್ಲಿಸ್' ಎಂಬವು ಲಿನಕ್ಸಿಗೆಂದೇ ಹುಟ್ಟಿದುವು. ಅವು ಹೆಚ್ಚು ಹರಡಲಿಲ್ಲ. ಜನರು ಅವನ್ನು ಮರೆತರು. 'ಬಾರದು' ಎಂಬ ನಂಬಿಕೆ ಮಾತ್ರ ಉಳಿಯಿತು.

ಆ ನಂಬಿಕೆಯನ್ನು ಪರೀಕ್ಷಿಸಿದ ಪ್ರಕರಣ ನಮ್ಮ ದೇಶದಲ್ಲಿಯೇ ನಡೆದಿದೆ. ಕೇಂದ್ರ ಸರಕಾರದ ನೌಕರರು ತಮ್ಮ ಖಾತೆಗಳಿಗೆ ಎರಡನೆಯ ಕಾವಲಾಗಿ 'ಕವಚ್' ಎಂಬ ತಂತ್ರಾಂಶವನ್ನು ಬಳಸುತ್ತಿದ್ದರು. ೨೦೨೩ರ ಏಪ್ರಿಲಿನಲ್ಲಿ ಅಪ್‌ಟಿಕ್ಸ್ ಎಂಬ ಭದ್ರತಾ ಸಂಸ್ಥೆ ಒಂದು ವರದಿಯನ್ನು ಪ್ರಕಟಿಸಿತು. ಪಾಕಿಸ್ತಾನದ ನಂಟಿದೆಯೆಂದು ಸಂಶೋಧಕರು ಹೇಳುವ, 'ಟ್ರಾನ್ಸ್‌ಪರೆಂಟ್ ಟ್ರೈಬ್' ಎಂದು ಹೆಸರಾದ ಗುಂಪೊಂದು ಲಿನಕ್ಸ್ ಬಳಸುವ ನೌಕರರಿಗಾಗಿಯೇ ನಕಲಿ ಕವಚನ್ನು ಸಿದ್ಧಪಡಿಸಿತ್ತು. ಅದನ್ನು ನಡೆಸಿದಾಗ ಕಣ್ಣೆದುರಿಗೆ ಅಸಲಿ ಪುಟವೇ ತೆರೆಯುತ್ತಿತ್ತು. ಹಿಂದಿನಿಂದ 'ಪೊಸೈಡನ್' ಎಂಬ ಕುತಂತ್ರಾಂಶ ಇಳಿದು, ಒತ್ತಿದ ಅಕ್ಷರಗಳನ್ನೂ ಪರದೆಯ ಚಿತ್ರಗಳನ್ನೂ ಕಡತಗಳನ್ನೂ ಕದಿಯಬಲ್ಲುದಾಗಿತ್ತು. ರಕ್ಷಣೆಯ ಹೆಸರೇ ಆಯುಧವಾದ ಬಗೆ ಇದು.

ಎರಡು ವರ್ಷಗಳ ತರುವಾಯ, ೨೦೨೫ರ ಆಗಸ್ಟಿನಲ್ಲಿ ಸೈಫರ್ಮಾ ಎಂಬ ಇನ್ನೊಂದು ಸಂಸ್ಥೆ ಅದೇ ಗುಂಪಿನ ಮತ್ತೊಂದು ದಾಳಿಯನ್ನು ಬಯಲಿಗೆಳೆಯಿತು. ಈ ಸಲ ಗುರಿಯಾದುದು ಬಾಸ್ ವ್ಯವಸ್ಥೆಯೇ, ನಮ್ಮ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಬಂದಿತ್ತಲ್ಲ, ಅದೇ ಹೆಸರಿನದು. ಸಭೆಯ ಸೂಚನಾಪತ್ರದಂತೆ ಕಾಣುವ ಕಡತವೊಂದು ಮಿಂಚಂಚೆಯಲ್ಲಿ ಬರುತ್ತಿತ್ತು. ಹೆಸರಿನಲ್ಲಿ ಪಿ.ಡಿ.ಎಫ್. ಎಂದಿದ್ದರೂ ಅದು ನಿಜವಾಗಿ ಲಿನಕ್ಸಿನ 'ಡೆಸ್ಕ್‌ಟಾಪ್' ಕಡತ.

ಈ ಡೆಸ್ಕ್‌ಟಾಪ್ ಕಡತದ ಗುಟ್ಟು ಸರಳ. ಪರದೆಯ ಮೇಲೆ ತಂತ್ರಾಂಶಗಳ ಚಿಹ್ನೆಗಳು ಕಾಣುತ್ತವೆಯಷ್ಟೆ. ಪ್ರತಿ ಚಿಹ್ನೆಯ ಹಿಂದೆ ಕೆಲವು ಸಾಲುಗಳ ಚೀಟಿಯೊಂದಿರುತ್ತದೆ. ತೋರಿಸಬೇಕಾದ ಹೆಸರು ಇದು, ಚಿತ್ರ ಇದು, ಒತ್ತಿದಾಗ ನಡೆಸಬೇಕಾದ ಆಜ್ಞೆ ಇದು ಎಂದು ಅದರಲ್ಲಿ ಬರೆದಿರುತ್ತದೆ. ದುಷ್ಟನು ಹೆಸರನ್ನೂ ಚಿತ್ರವನ್ನೂ ಕಾಗದಪತ್ರದಂತೆ ಬರೆದು, ಆಜ್ಞೆಯ ಸಾಲಿನಲ್ಲಿ ತನ್ನ ಕೆಲಸವನ್ನು ಬರೆಯುತ್ತಾನೆ. ಒತ್ತಿದವನ ಎದುರಿಗೆ ನಿಜವಾದ ಪತ್ರವೊಂದು ತೆರೆದುಕೊಂಡು ಅನುಮಾನವನ್ನು ತಣಿಸುತ್ತದೆ. ಒಳಗಡೆ ಕುತಂತ್ರಾಂಶ ಇಳಿದು, ಯಂತ್ರವನ್ನು ಮರಳಿ ಹಚ್ಚಿದಾಗಲೂ ತಾನಾಗಿ ಏಳುವಂತೆ ಏರ್ಪಾಡು ಮಾಡಿಕೊಳ್ಳುತ್ತದೆ.

ಇಲ್ಲಿ ಗಮನಿಸತಕ್ಕ ಅಂಶ ಒಂದೇ. ಲಿನಕ್ಸಿನ ಬೀಗವನ್ನು ಯಾರೂ ಒಡೆಯಲಿಲ್ಲ. ಅಧಿಕಾರ ವಿಂಗಡಣೆ ತನ್ನ ಪಾಡಿಗೆ ನೆಟ್ಟಗೆ ಕೆಲಸ ಮಾಡುತ್ತಲೇ ಇತ್ತು. ಆದರೆ ಅದು ಕಾಯುವುದು ವ್ಯವಸ್ಥೆಯನ್ನು. ನಮ್ಮ ಪತ್ರಗಳು, ಚಿತ್ರಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಇರುವುದು ಬಳಕೆದಾರನ ಸ್ವಂತ ಕೋಣೆಯಲ್ಲಿ. ಬಳಕೆದಾರ ನಡೆಸಿದ ತಂತ್ರಾಂಶ ಆ ಕೋಣೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಬಲ್ಲುದು. ಊರಬಾಗಿಲು ಮುಚ್ಚಿದ್ದರೂ ತಿಜೋರಿ ಜಗಲಿಯ ಮೇಲಿದ್ದಂತೆ. ಕಂಪ್ಯೂಟರನ್ನು ಹೊಸದಾಗಿ ಕಟ್ಟಿಕೊಳ್ಳಲು ಒಂದು ಗಂಟೆ ಸಾಕು. ಕಳೆದುಹೋದ ಚಿತ್ರವನ್ನಾಗಲೀ ಹಣವನ್ನಾಗಲೀ ಯಾರು ತಂದುಕೊಡುತ್ತಾರೆ?

ಈ ದಾಳಿ ಸರಕಾರಿ ಕಚೇರಿಗಳಿಗೆ ಗುರಿಯಿಟ್ಟದ್ದು, ನಮ್ಮ ಮನೆಗಳಿಗಲ್ಲ. ಹಾಗೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಒಬ್ಬರು ಕಂಡುಹಿಡಿದ ಉಪಾಯ ಮತ್ತೊಬ್ಬರಿಗೆ ತಲುಪಲು ಬಹಳ ದಿನ ಬೇಕಾಗದು.

ವಿರೂಪಾಕ್ಷಿ ಬಾಳೆ ಕಲಿಸುವ ಪಾಠ

ಎರಡನೆಯ ಅಪಾಯವನ್ನು ಹೇಳಲು ನಮ್ಮ ನೆಲದ್ದೇ ನಿದರ್ಶನವಿದೆ. ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆ ಮುರುಗನ ಸನ್ನಿಧಿಯ ಪಂಚಾಮೃತಕ್ಕೆ ಸಲ್ಲುವ ಹಣ್ಣು. ಕೆಲವು ದಶಕಗಳ ಹಿಂದೆ ಅದರ ತೋಟಗಳ ಬಹುಭಾಗವನ್ನು ಒಂದು ವೈರಸ್ ಅಳಿಸಿಹಾಕಿತು. ಇದು ಕಂಪ್ಯೂಟರಿನದಲ್ಲ, ನಿಜವಾದ ಬಾಳೆಯ ವೈರಸ್. ಎಲೆಗಳು ತುದಿಯಲ್ಲಿ ಕುಗ್ಗಿ ಗೊಂಚಲಾಗಿ ಗಿಡ ಫಲಬಿಡದೆ ಹೋಗುವ ರೋಗವದು. ಸಸ್ಯಹೇನುಗಳಿಂದ ಅದು ಹರಡುವುದುಂಟು. ಅದರಂತೆಯೇ ರೋಗವಿರುವ ತೋಟದಿಂದ ತಂದು ನೆಡುವ ಕಂದುಗಳಿಂದಲೂ ಹರಡುತ್ತದೆ. ಕಂದು ನೋಡಲು ಆರೋಗ್ಯವಾಗಿಯೇ ಇರಬಹುದು. ಕೊಟ್ಟವನೂ ಒಳ್ಳೆಯವನೇ ಆಗಿರಬಹುದು. ತೋಟಗಳನ್ನು ಮತ್ತೆ ಎಬ್ಬಿಸಲು ವಿಜ್ಞಾನಿಗಳು ಪರೀಕ್ಷಿಸಿದ, ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗರಹಿತ ಸಸಿಗಳನ್ನು ಕೊಡಬೇಕಾಯಿತು.

ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ. ೨೦೦೯ರ ಡಿಸೆಂಬರಿನಲ್ಲಿ ಲಿನಕ್ಸ್ ಪರದೆಯ ಅಲಂಕಾರಗಳನ್ನು ಹಂಚುವ ತಾಣವೊಂದರಲ್ಲಿ ಜಲಪಾತದ ಚಿತ್ರವೆಂದು ಹೇಳಿಕೊಂಡು ಇಟ್ಟಿದ್ದ ಕಡತದಲ್ಲಿ ಚಿತ್ರವೇ ಇರಲಿಲ್ಲ. ಇತರರ ಮೇಲೆ ದಾಳಿ ನಡೆಸುವ ಆಜ್ಞೆಗಳಿದ್ದುವು. ೨೦೧೬ರ ಫೆಬ್ರವರಿ ೨೦ರಂದು ಜನಪ್ರಿಯವಾದ ಲಿನಕ್ಸ್ ಮಿಂಟ್ ಪ್ರಭೇದದ ಅಧಿಕೃತ ತಾಣಕ್ಕೇ ಕಳ್ಳರು ನುಗ್ಗಿ, ಕೊಂಡಿಯನ್ನು ಬದಲಿಸಿ, ಹಿಂಬಾಗಿಲುಳ್ಳ ನಕಲಿಯನ್ನು ಹಂಚಿದರು. ಆ ದಿನ ಹೊಸದಾಗಿ ಇಳಿಸಿಕೊಂಡವರು ಮೊದಲ ದಿನವೇ ಮೋಸಹೋದರು. ೨೦೨೩ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಹೊರಗೆಡಹಿದ ಇನ್ನೊಂದು ಸಂಗತಿ ಇದಕ್ಕಿಂತಲೂ ಚಿಂತೆಯದು. ಕಡತಗಳನ್ನು ಬೇಗನೆ ಇಳಿಸಿಕೊಡುವ ತಂತ್ರಾಂಶವೊಂದರ ತಾಣದಿಂದ ೨೦೨೦ರಿಂದ ೨೦೨೨ರವರೆಗೆ ಕೆಲವು ಲಿನಕ್ಸ್ ಬಳಕೆದಾರರಿಗೆ ಪಾಸ್‌ವರ್ಡ್ ಕದಿಯುವ ನಕಲಿ ತಲುಪುತ್ತಿತ್ತು. ವರ್ಷಗಟ್ಟಲೆ ಯಾರೂ ಅದನ್ನು ಪತ್ತೆಹಚ್ಚಲಿಲ್ಲ. 'ವೈರಸ್ ಬಾರದು' ಎಂಬ ನಂಬಿಕೆಯ ಬೆಲೆ ಇದು. ಬಾರದೆಂದು ತಿಳಿದವನು ನೋಡುವುದೇ ಇಲ್ಲ.

೨೦೨೫ರ ಜುಲೈನಲ್ಲಿ ಆರ್ಚ್ ಎಂಬ ಪ್ರಭೇದದ, ಬಳಕೆದಾರರೇ ತಂದಿಡುವ ಭಂಡಾರದಲ್ಲಿ ಬ್ರೌಸರುಗಳ ತಿದ್ದುಪಡಿಯೆಂಬ ಸೋಗಿನಲ್ಲಿ ಕುತಂತ್ರಾಂಶಗಳು ಕಾಣಿಸಿಕೊಂಡುವು. ಎರಡು ದಿನಗಳಲ್ಲಿ ಅವನ್ನು ತೆಗೆಯಲಾಯಿತು. ಪರೀಕ್ಷಿಸಿದ ಭಂಡಾರ ಬೇರೆ, ಯಾರು ಬೇಕಾದರೂ ತಂದಿಡಬಹುದಾದ ಭಂಡಾರ ಬೇರೆ ಎಂಬ ವ್ಯತ್ಯಾಸವನ್ನು ನಮ್ಮ ಮಕ್ಕಳು ಅರಿಯಬೇಕು.

ಪರೀಕ್ಷಿಸಿದ ಭಂಡಾರವಾದರೂ ಕುಂದಿಲ್ಲದ್ದೇ? ೨೦೨೪ರ ಮಾರ್ಚ್ ೨೯ರಂದು ಬಯಲಾದ ಎಕ್ಸ್.ಜೆಡ್. ಪ್ರಕರಣ ಇದಕ್ಕೆ ಉತ್ತರ. ಕಡತಗಳನ್ನು ಕುಗ್ಗಿಸುವ ಸಾಧಾರಣ ಉಪಕರಣವೊಂದಕ್ಕೆ 'ಜಿಯಾ ಟಾನ್' ಎಂಬ ಹೆಸರಿನವನು ಎರಡು ವರ್ಷಕ್ಕೂ ಮಿಕ್ಕಿ ವಿನಯದಿಂದ ದುಡಿದು, ಸೋತುಹೋಗಿದ್ದ ನಿರ್ವಾಹಕನ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲೊಂದನ್ನು ಅಡಗಿಸಿದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರವನ್ನು ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆಂದು ಹುಡುಕುತ್ತಾ ಅದನ್ನು ಕಂಡುಹಿಡಿದ. ಪರೀಕ್ಷಾರ್ಥ ಆವೃತ್ತಿಗಳಿಗೆ ಅದು ಸೇರಿತ್ತು. ಸಾಮಾನ್ಯ ಜನರು ಬಳಸುವ ಸ್ಥಿರ ಆವೃತ್ತಿಗಳಿಗೆ ತಲುಪುವಷ್ಟರಲ್ಲಿ ತಡೆಯಾಯಿತು. ಒಳಬರಹ ಬಯಲಾಗಿದ್ದುದರಿಂದಲೇ ಅವನು ಹುಡುಕಲು ಸಾಧ್ಯವಾಯಿತು, ನಿಜ. ಆದರೆ ಅಂಥ ಒಬ್ಬನು ಅಂದು ತಾಳ್ಮೆಗೆಡದೆ ಕೂರಬೇಕಾಯಿತು ಎಂಬುದೂ ಅಷ್ಟೇ ನಿಜ. ಹಲವು ಕಣ್ಣುಗಳು ನೋಡಬಲ್ಲವು ಎಂಬುದಕ್ಕೂ, ನೋಡುತ್ತಿವೆ ಎಂಬುದಕ್ಕೂ ಅಂತರವಿದೆ.

ಬೀರುವಿನ ಮೇಲಿನ ಯಂತ್ರ

ಮೂರನೆಯ ಅಪಾಯ ನಮ್ಮ ಅಲಕ್ಷ್ಯದಿಂದಲೇ ಬರುವಂಥದು. ೨೦೧೧ರ ಲ್ಯಾಪ್‌ಟಾಪಿನಲ್ಲಿದ್ದ ಬಾಸ್ ಇಂದಿಗೂ ಏಳುತ್ತದೆ ಎಂದು ಅದನ್ನೇ ಅಂತರಜಾಲಕ್ಕೆ ಜೋಡಿಸುವುದು ಸಲ್ಲದು. ಬಾಸ್‌ಗೆ ಆಧಾರವಾದ ಡೆಬಿಯನ್ನಿನ ಒಂದು ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ದೊರೆಯುವುದು ಸುಮಾರು ಐದು ವರ್ಷ. ಆಮೇಲೆ ಕಂಡುಬಂದ ಬಿರುಕುಗಳೆಲ್ಲ ಹಾಗೆಯೇ ಉಳಿಯುತ್ತವೆ, ಅವು ಎಲ್ಲಿವೆಯೆಂಬುದು ಮಾತ್ರ ಕಳ್ಳರಿಗೆ ಗೊತ್ತಿರುತ್ತದೆ. ಮುಕ್ತ ತಂತ್ರಾಂಶವೆಂಬ ಹೆಸರೊಂದೇ ರಕ್ಷೆಯಲ್ಲ. ಹೊಸ ಆವೃತ್ತಿಯನ್ನು ಹಾಕಿ ಬಳಸಿದರೆ ಅದೇ ಹಳೆಯ ಯಂತ್ರ ಮತ್ತೆ ಉಪಯೋಗಕ್ಕೆ ಬಂದೀತು.

ಮನೆಯ ಮೂಲೆಯಲ್ಲಿ ಮಿನುಗುವ ಅಂತರಜಾಲದ ಪೆಟ್ಟಿಗೆಯನ್ನೂ, ಅಂಗಡಿಯ ಕ್ಯಾಮೆರಾವನ್ನೂ ಮರೆಯಬಾರದು. ಅವುಗಳಲ್ಲಿ ಅನೇಕದರೊಳಗೆ ಇರುವುದೂ ಲಿನಕ್ಸೇ. ೨೦೧೬ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಇಂಥ ಲಕ್ಷಾಂತರ ಪೆಟ್ಟಿಗೆಗಳನ್ನು ವಶಪಡಿಸಿಕೊಂಡಿತು. ಅದಕ್ಕೆ ಬೇಕಾದ ವಿದ್ಯೆ ದೊಡ್ಡದೇನಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಜಮಾನರು ಬದಲಿಸದೆ ಬಿಟ್ಟದ್ದೇ ಸಾಕಾಯಿತು.

ಮನೆಯವರು ಮಾಡಬೇಕಾದುದು

ಇಷ್ಟೆಲ್ಲ ಓದಿ ಗಾಬರಿಯಾಗಬೇಕಾಗಿಲ್ಲ. ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು ಕೆಲವೇ.

ತಂತ್ರಾಂಶವನ್ನು ವ್ಯವಸ್ಥೆಯ ಅಧಿಕೃತ ಭಂಡಾರದಿಂದಲೇ ಪಡೆಯಿರಿ. ಲಿನಕ್ಸನ್ನು ಹೊಸದಾಗಿ ಇಳಿಸಿಕೊಳ್ಳುವವರು, ತಯಾರಕರು ಪ್ರಕಟಿಸಿರುವ ತಾಳೆಸಂಖ್ಯೆಯೊಡನೆ ಅದನ್ನು ತಾಳೆನೋಡಲಿ. ಇಂಥ ಕೆಲಸವನ್ನು ಎಂಜಿನಿಯರಿಂಗ್ ಓದುವ ಮಕ್ಕಳಿಗೆ ವಹಿಸಿದರೆ ಅವರಿಗೂ ಕಲಿತಂತಾಗುತ್ತದೆ. ತಿದ್ದುಪಡಿ ಬಂದಿದೆಯೆಂದು ಯಂತ್ರ ಹೇಳಿದಾಗ ನಾಳೆಗೆ ತಳ್ಳಬೇಡಿ. ಅಂಚೆಯಲ್ಲಿ ಬಂದ ಕಡತ ಪತ್ರದಂತೆ ಕಂಡರೂ, ಕಳುಹಿಸಿದವರನ್ನು ಬೇರೆ ದಾರಿಯಲ್ಲಿ ವಿಚಾರಿಸದೆ ತೆರೆಯಬೇಡಿ. ಎಲ್ಲಿಯೋ ಕಂಡ ಆಜ್ಞೆಯ ಸಾಲನ್ನು ಅರ್ಥ ತಿಳಿಯದೆ ನಕಲು ಮಾಡಿ ನಡೆಸಬೇಡಿ. ಯಂತ್ರ ಯಜಮಾನನ ಪಾಸ್‌ವರ್ಡ್ ಕೇಳಿದಾಗ, ಏಕೆ ಕೇಳುತ್ತಿದೆಯೆಂದು ಒಂದು ಗಳಿಗೆ ಯೋಚಿಸಿ. ಬೀಗದ ಕೈ ಕೈಬದಲಾಗುವುದು ಅಲ್ಲಿಯೇ.

ಮಕ್ಕಳ ಆಟಕ್ಕೊಂದು, ಹಣದ ವ್ಯವಹಾರಕ್ಕೊಂದು ಎಂದು ಬೇರೆ ಬೇರೆ ಬಳಕೆದಾರರ ಹೆಸರುಗಳನ್ನು ಮಾಡಿಡಿ. ಒಂದು ಕೋಣೆಗೆ ಬಂದ ಕೇಡು ಮತ್ತೊಂದಕ್ಕೆ ಸುಲಭವಾಗಿ ದಾಟದು. ಮುಖ್ಯವಾದ ಪತ್ರಗಳ, ಚಿತ್ರಗಳ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟು, ಕೆಲಸವಾದ ಮೇಲೆ ಅದನ್ನು ಕಳಚಿಡಿ. ವಿಂಡೋಸ್ ಬಳಸುವ ನಂಟರಿಗೆ ಕಡತ ಕಳುಹಿಸುವವರು ಕ್ಲಾಮ್‌ಎವಿ ಎಂಬ ಮುಕ್ತ ಪರೀಕ್ಷಕದಿಂದ ಅದನ್ನು ಪರೀಕ್ಷಿಸಿ ಕಳುಹಿಸಿದರೆ ಒಳಿತು. ನಮಗೆ ತಾಗದ ರೋಗವನ್ನು ಇತರರಿಗೆ ಹೊತ್ತೊಯ್ಯುವುದು ಧರ್ಮವಲ್ಲ.

ಇನ್ನೊಂದು ಮಾತು. ದೂರವಾಣಿಯಲ್ಲಿ ಬ್ಯಾಂಕಿನವರೆಂದು ಹೇಳಿಕೊಂಡು ಗುಟ್ಟಿನ ಅಂಕಿ ಕೇಳುವವನಿಗೂ, ಅಸಲಿಯಂತೆ ಕಾಣುವ ನಕಲಿ ಬ್ಯಾಂಕಿನ ಪುಟಕ್ಕೂ ನಮ್ಮ ಯಂತ್ರ ವಿಂಡೋಸೋ ಲಿನಕ್ಸೋ ಎಂಬ ಭೇದವಿಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು. ತಡವಾದಷ್ಟೂ ಹಣ ಕೈಮೀರಿ ಹೋಗುತ್ತದೆ.

ಏಲಕ್ಕಿ ತೋಟದ ಆ ಹಿರಿಯರಿಗೆ ಈಗ ನನ್ನ ಉತ್ತರ ಇಷ್ಟು. ಬ್ಯಾಂಕಿನ ವ್ಯವಹಾರವನ್ನು ಆ ಯಂತ್ರದಲ್ಲಿ ಧಾರಾಳವಾಗಿ ಮಾಡಿರಿ. ತಿದ್ದುಪಡಿ ನಿಂತುಹೋದ ಹಳೆಯ ವಿಂಡೋಸಿಗಿಂತ ಅದು ಎಷ್ಟೋ ಮೇಲು. ಹುಡುಗನು ಒಳ್ಳೆಯ ಬೀಗವನ್ನೇ ತಂದು ಹಾಕಿದ್ದಾನೆ. ನಿದ್ದೆಯನ್ನೂ ಮಾಡಿರಿ, ಆದರೆ ಮಲಗುವ ಮುಂಚೆ ಬಾಗಿಲು ಹಾಕಿದೆಯೇ ಎಂದು ನೋಡುವ ನಮ್ಮ ಹಿರಿಯರ ಪದ್ಧತಿಯನ್ನು ಮಾತ್ರ ಬಿಡಬೇಡಿ. ಆ ಹುಡುಗನಿಗೂ ಒಂದು ಮಾತು: ಮುಂದಿನ ಮದುವೆಯಲ್ಲಿ 'ವೈರಸ್ ಬಾರದು' ಎನ್ನುವ ಬದಲು 'ಬಾರದಂತೆ ನೋಡಿಕೊಳ್ಳುತ್ತಿದ್ದೇನೆ' ಎಂದು ಹೇಳಪ್ಪ. ಆಗ ಹಿರಿಯರು ನಿನ್ನನ್ನು ನಂಬಿಯಾರು.